ಸೇವೆಗೆ ಮುನ್ನ ಕೈಕಾಲು ತೊಳೆಯುವ ತೊಟ್ಟಿ

ಸತ್ಯವೇದದಲ್ಲಿ ದೇವದರ್ಶನದ ಗುಡಾರದ, ಅಂದರೆ ಇಸ್ರಾಯೇಲ್ಯರು ಅರಣ್ಯದಲ್ಲಿ ಎತ್ತಿದ ಆರಾಧನೆಯ ಡೇರೆಯ, ವಿವರ ಬಂದಾಗ ನಮ್ಮಲ್ಲಿ ಬಹಳ ಮಂದಿ ಪುಟಗಳನ್ನು ಬೇಗ ಬೇಗ ತಿರುಗಿಸಿಬಿಡುತ್ತೇವೆ. ಮಂಜೂಷಕ್ಕೆ ಎರಡೂವರೆ ಮೊಳ ಉದ್ದ, ಯಜ್ಞವೇದಿಗೆ ಐದು ಮೊಳ, ಅಷ್ಟು ಹಲಗೆ, ಇಷ್ಟು ಕೊಂಡಿ ಎಂದು ಎಲ್ಲಿ ನೋಡಿದರೂ ಅಳತೆ. ಆದರೆ ವಿಮೋಚನಕಾಂಡ 30:17-21ರಲ್ಲಿ ಬರುವ ತಾಮ್ರದ ತೊಟ್ಟಿಗೆ ಅಳತೆಯನ್ನೇ ಕೊಟ್ಟಿಲ್ಲ. ಅದು ಎಲ್ಲಿರಬೇಕು ಎಂಬುದನ್ನು ಮಾತ್ರ ಖಚಿತವಾಗಿ ಹೇಳಿದೆ: ಯಜ್ಞವೇದಿಗೂ ಗುಡಾರಕ್ಕೂ ನಡುವೆ. ಯಾಜಕ ಒಳಗೆ ಹೋಗುವಾಗಲೂ ವೇದಿಯ ಬಳಿ ಬರುವಾಗಲೂ ಅಲ್ಲಿ ಕೈಕಾಲು ತೊಳೆಯಬೇಕು, ಇಲ್ಲವಾದರೆ ಸಾಯುವನು ಎಂಬ ಎಚ್ಚರಿಕೆಯನ್ನು ಎರಡು ಸಲ ಕೊಟ್ಟಿದೆ.

ಮೊದಲ ಯಾಜಕರಾದ ಆರೋನನಿಗೂ ಅವನ ಮಕ್ಕಳಿಗೂ ಅಭಿಷೇಕದ ದಿನ ಮೋಶೆ ಸ್ನಾನ ಮಾಡಿಸಿದ್ದ (ಯಾಜಕಕಾಂಡ 8:6). ಅದು ಮತ್ತೆ ಮತ್ತೆ ಆಗುವ ಸ್ನಾನವಲ್ಲ. ತೊಟ್ಟಿಯ ನೀರು ಮಾತ್ರ ದಿನದಿನದ್ದು. ಶಿಷ್ಯರ ಕಾಲು ತೊಳೆದ ಮೇಲಂತಸ್ತಿನ ಕೋಣೆಯಲ್ಲಿ ಪೇತ್ರನು 'ಕೈಯನ್ನೂ ತಲೆಯನ್ನೂ ತೊಳೆ' ಎಂದಾಗ ಯೇಸು ಕೊಟ್ಟ ಉತ್ತರವೂ ಇದೇ: ಸ್ನಾನ ಮಾಡಿಕೊಂಡವನು ಕಾಲು ತೊಳೆದುಕೊಂಡರೆ ಸಾಕು (ಯೋಹಾನ 13:10). ಸೇವೆಗೆ ಸಿದ್ಧರಾಗುವವರು ಸಾಮಾನ್ಯವಾಗಿ ಈ ಎರಡನ್ನು ಕಲಸಿಕೊಳ್ಳುತ್ತಾರೆ. ರಕ್ಷಣೆ ಹೊಂದಿದ ದಿನವೇ ಎಲ್ಲ ಮುಗಿಯಿತು ಎಂದು ತೊಟ್ಟಿಯ ಕಡೆ ತಿರುಗಿಯೂ ನೋಡದವರು ಒಂದು ಬಗೆ. ಪ್ರತಿ ಉಜ್ಜೀವನ ಕೂಟದಲ್ಲೂ ಮುಂದೆ ಬಂದು, ಮೊದಲಿನಿಂದ ಮತ್ತೆ ಸ್ನಾನ ಮಾಡಿಸಿ ಎಂದು ಅತ್ತು ಹೋಗುವವರು ಇನ್ನೊಂದು ಬಗೆ. ಎರಡನೆಯವರ ಕಣ್ಣೀರು ಸುಳ್ಳಲ್ಲ. ಆದರೆ ವರ್ಷಕ್ಕೊಮ್ಮೆ ಅಳುವುದು ಪ್ರತಿದಿನದ ಹತ್ತು ನಿಮಿಷದ ಕೆಲಸವನ್ನು ಮಾಡಿಕೊಡುವುದಿಲ್ಲ. ಪರಿಶುದ್ಧತೆಯನ್ನು ಸೇವೆಗೆ ಬೇಕಾದ ಪದವಿ ಎಂದುಕೊಂಡವರಿಗೆ, ಅದು ಒಮ್ಮೆ ಪಡೆದು ಗೋಡೆಗೆ ತೂಗುಹಾಕುವ ವಸ್ತುವಾಗಿಬಿಡುತ್ತದೆ. ಸತ್ಯವೇದ ಅದನ್ನು ದಿನಚರಿಯ ಜಾಗದಲ್ಲಿ ಇಟ್ಟಿದೆ.

ಈ ವಿಷಯಕ್ಕೆ ಎಲ್ಲರೂ ಎತ್ತಿಕೊಳ್ಳುವ ವಾಕ್ಯ 2 ತಿಮೊಥೆಯ 2:20-21. ದೊಡ್ಡ ಮನೆಯಲ್ಲಿ ಚಿನ್ನ ಬೆಳ್ಳಿಯ ಪಾತ್ರೆಗಳಿವೆ, ಮರದ ಮತ್ತು ಮಣ್ಣಿನ ಪಾತ್ರೆಗಳೂ ಇವೆ. ತನ್ನನ್ನು ಶುದ್ಧಮಾಡಿಕೊಂಡವನು ಯಜಮಾನನಿಗೆ ಉಪಯುಕ್ತನಾಗಿ ಸಕಲ ಸತ್ಕ್ರಿಯೆಗೆ ಸಿದ್ಧನಾಗಿರುವನು. ಪ್ರಸಂಗಗಳಲ್ಲಿ ಇಲ್ಲಿಂದ ನೇರ 22ನೆಯ ವಚನದ ಯೌವನದ ಇಚ್ಛೆಗಳಿಗೆ ಹಾರುವುದು ರೂಢಿ. ಹಾಗೆ ಹಾರಿದರೆ ಹಿಂದುಮುಂದಿನ ಮಾತು ಕೈತಪ್ಪುತ್ತದೆ. 14ನೆಯ ವಚನದಿಂದ ಪೌಲನು ಎಚ್ಚರಿಸುತ್ತಿರುವುದು ವಾಗ್ವಾದದ ಬಗ್ಗೆ, ಹರಟೆಯ ಬಗ್ಗೆ, ಹುಣ್ಣಿನಂತೆ ಹರಡುವ ಹುಮೆನಾಯ ಮತ್ತು ಫಿಲೇತರ ಬೋಧನೆಯ ಬಗ್ಗೆ. 23ರಲ್ಲಿ ಮತ್ತೆ ಬುದ್ಧಿಯಿಲ್ಲದ ತರ್ಕಗಳು, 24ರಲ್ಲಿ ಕರ್ತನ ದಾಸನು ಜಗಳವಾಡಬಾರದು ಎಂಬ ಆಜ್ಞೆ. ಅಂದರೆ ಪಾತ್ರೆಯೊಳಗಿನ ಕೊಳೆಯಲ್ಲಿ ಮೊದಲ ಪಾಲು ಬಾಯಿಯದು. ಅಶ್ಲೀಲ ಚಿತ್ರ ನೋಡದ ಯುವಕನೊಬ್ಬ ರಾತ್ರಿ ಹನ್ನೆರಡರವರೆಗೆ ವಾಟ್ಸಾಪ್ ಗುಂಪಿನಲ್ಲಿ ಬೇರೆ ಸಭೆಯವರನ್ನು ಹೀಯಾಳಿಸುತ್ತಾ ಕೂತಿದ್ದರೆ, ಈ ಪತ್ರದ ಲೆಕ್ಕದಲ್ಲಿ ಅವನ ಪಾತ್ರೆ ತೊಳೆದಿಲ್ಲ. ಇದನ್ನು ನಾವು ಸೇವಾ ತರಬೇತಿಗಳಲ್ಲಿ ಹೇಳುವುದೇ ಇಲ್ಲ, ಏಕೆಂದರೆ ಬಹುಪಾಲು ತರಬೇತುದಾರರಿಗೂ ಆ ಜಗಳ ಇಷ್ಟ.

ಹಾಗೆಂದು ದೇಹದ ವಿಷಯ ಚಿಕ್ಕದಲ್ಲ. ಅತಿ ಹೆಚ್ಚು ಸೇವೆಗಳು ಮುಳುಗುವ ಜಾಗಗಳಲ್ಲಿ ಇದೂ ಒಂದು, ಆದ್ದರಿಂದ ನಿಧಾನವಾಗಿ ನೋಡೋಣ.

2 ಸಮುವೇಲ 11ನ್ನು ಪಾಪದ ಕಥೆಯಾಗಿ ಓದುವ ಬದಲು ಮೆಟ್ಟಿಲುಗಳನ್ನು ಎಣಿಸುತ್ತಾ ಓದಿ. ಅರಸರು ಯುದ್ಧಕ್ಕೆ ಹೊರಡುವ ಕಾಲ, ದಾವೀದ ಮಾತ್ರ ಯೆರೂಸಲೇಮಿನಲ್ಲಿ ಉಳಿದ. ಸಂಜೆ ಹಾಸಿಗೆಯಿಂದ ಎದ್ದು ಮಾಳಿಗೆಯ ಮೇಲೆ ತಿರುಗಾಡಿದ. ಕೆಳಗೆ ಹೆಂಗಸೊಬ್ಬಳು ಸ್ನಾನ ಮಾಡುತ್ತಿದ್ದಳು. ನೋಡಿದ. ಆಳನ್ನು ಕಳಿಸಿ ವಿಚಾರಿಸಿದ. 'ಊರೀಯನ ಹೆಂಡತಿಯಲ್ಲವೇ' ಎಂಬ ಉತ್ತರ ಬಂತು. ಆ ಉತ್ತರವೇ ತಡೆಗಂಬ, ಅದನ್ನೂ ದಾಟಿದ. ಕರೆಸಿದ. ಆಮೇಲಿನದೆಲ್ಲ ಮುಚ್ಚಿಡುವ ಪ್ರಯತ್ನ: ಊರೀಯನನ್ನು ಮನೆಗೆ ಕಳಿಸುವ ಉಪಾಯ, ಕುಡಿಸುವ ಉಪಾಯ, ಕೊನೆಗೆ ಊರೀಯ ಯುದ್ಧದಲ್ಲಿ ಸಾಯುವಂತೆ ಮಾಡು ಎಂದು ಸೇನಾಪತಿ ಯೋವಾಬನಿಗೆ ಪತ್ರ. ಒಂದು ವಿಷಯ ಗಮನಿಸಿ: ಮೊದಲ ಎರಡು ಮೆಟ್ಟಿಲುಗಳಲ್ಲಿ ಪಾಪವೆಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಇಲ್ಲ. ಮನೆಯಲ್ಲಿ ಉಳಿಯುವುದು ತಪ್ಪಲ್ಲ, ಮಾಳಿಗೆಯ ಮೇಲೆ ನಡೆಯುವುದೂ ತಪ್ಪಲ್ಲ. ಆದರೆ ಬಿಡಿಸಿಕೊಳ್ಳಲು ಅತಿ ಸುಲಭವಾದ ಮೆಟ್ಟಿಲುಗಳು ಅವೇ. ಕೆಳಗಿಳಿದಂತೆ ಪ್ರತಿ ಮೆಟ್ಟಿಲೂ ದುಬಾರಿ. ಯಾಕೋಬ 1:14-15 ಹೇಳುವ ಕ್ರಮವೂ ಇದೇ: ಸೆಳೆತ, ಬಸುರು, ಹೆರಿಗೆ, ಮರಣ.

ಆದ್ದರಿಂದ ಕಾಮದ ವಿಷಯದಲ್ಲಿ ಬೀಳುತ್ತಿರುವವನಿಗೆ 'ಇನ್ನೂ ಹೆಚ್ಚು ಪ್ರಾರ್ಥಿಸು' ಎಂಬ ಸಲಹೆ ಅರ್ಧ ಸಲಹೆ. ಇನ್ನರ್ಧ ಹೀಗಿರಲಿ. ಎರಡು ವಾರ, ಬಿದ್ದಾಗಲೆಲ್ಲ ಅಥವಾ ಬೀಳುವ ಹತ್ತಿರ ಬಂದಾಗಲೆಲ್ಲ, ನಾಲ್ಕು ಸಂಗತಿ ಬರೆದಿಡಿ: ಗಂಟೆ, ಜಾಗ, ಕೈಯಲ್ಲಿದ್ದ ಸಾಧನ, ಅದಕ್ಕೆ ಮುಂಚಿನ ಎರಡು ಗಂಟೆ ಏನಾಗಿತ್ತು. ಕೊನೆಯದು ಮುಖ್ಯ. ಸಾಮಾನ್ಯವಾಗಿ ಅಲ್ಲಿ ಕಾಮ ಇರುವುದಿಲ್ಲ. ದಣಿವು, ಹಸಿವು, ಯಾರೋ ಅವಮಾನ ಮಾಡಿದ ನೋವು, ಒಂಟಿತನ ಇರುತ್ತವೆ. ಸೇವೆಯಲ್ಲಿ ಇರುವವರಿಗೆ ಅಪಾಯದ ಹೊತ್ತು ಅನೇಕ ಸಲ ಭಾನುವಾರ ರಾತ್ರಿ. ಬೆಳಿಗ್ಗೆಯಿಂದ ಮಾತಾಡಿ, ಪ್ರಾರ್ಥಿಸಿ, ಎಲ್ಲರ ಭಾರ ಹೊತ್ತು ಬಂದ ಮೇಲೆ ಮನಸ್ಸು ಖಾಲಿ, ಕೈಯಲ್ಲಿ ಫೋನು. ಚಾರ್ಟ್ ಒಮ್ಮೆ ಕಣ್ಣಿಗೆ ಬಿದ್ದರೆ ಮದ್ದು ಸರಳ: ಆ ಗಂಟೆಗೆ ಆ ಜಾಗದಲ್ಲಿ ಇರಬೇಡಿ. ಫೋನ್ ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ, ಎಬ್ಬಿಸಲು ಬೇರೆ ಅಲಾರಂ ಗಡಿಯಾರ ಇರಲಿ. ಫಿಲ್ಟರ್ ಹಾಕಿದರೆ ಅದರ ಪಾಸ್‌ವರ್ಡ್ ನಿಮಗೆ ಗೊತ್ತಿರಬಾರದು, ಇನ್ನೊಬ್ಬರು ಟೈಪ್ ಮಾಡಿ ಇಟ್ಟುಕೊಳ್ಳಲಿ. ತನ್ನ ಬೀಗದ ಕೈ ತನ್ನ ಜೇಬಿನಲ್ಲೇ ಇಟ್ಟುಕೊಂಡವನಿಗೆ ಬೀಗ ಹಾಕಿದ್ದೂ ಒಂದೇ, ಹಾಕದಿದ್ದದ್ದೂ ಒಂದೇ.

ಇಲ್ಲಿ ಎಡವುವ ಇನ್ನೊಂದು ಕಡೆ ಗುಟ್ಟಿನ ಹರಕೆ. 'ಇನ್ನು ಜೀವಮಾನದಲ್ಲೇ ಮಾಡುವುದಿಲ್ಲ' ಎಂದು ಮಧ್ಯರಾತ್ರಿ ಒಬ್ಬನೇ ದೇವರಿಗೆ ಮಾತು ಕೊಡುತ್ತಾನೆ, ವಾರದಲ್ಲಿ ಮುರಿಯುತ್ತಾನೆ. ಮೂರ್ನಾಲ್ಕು ಸಲ ಹೀಗಾದರೆ ಪಾಪಕ್ಕಿಂತ ಮಾತು ಮುರಿದ ಅಪರಾಧವೇ ದೊಡ್ಡದಾಗಿ, ಪ್ರಾರ್ಥನೆಗೆ ಕೂರಲೇ ನಾಚಿಕೆ. 2 ತಿಮೊಥೆಯ 2:22ರಲ್ಲಿ ಮೂರು ಭಾಗಗಳಿವೆ. ಓಡಿಹೋಗು, ನೀತಿ, ನಂಬಿಕೆ, ಪ್ರೀತಿ, ಸಮಾಧಾನಗಳನ್ನು ಬೆನ್ನಟ್ಟು, ಶುದ್ಧಹೃದಯದಿಂದ ಕರ್ತನ ಹೆಸರೆತ್ತುವವರ ಜೊತೆಯಲ್ಲಿ ಬೆನ್ನಟ್ಟು. ಮೂರನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಿಡಿದವನು ಓಡುತ್ತಾನೆ ನಿಜ, ಒಬ್ಬನೇ ಓಡುತ್ತಾನೆ.

ಸ್ತ್ರೀಪುರುಷರ ನಡುವಿನ ಸೇವಾ ಸಂಬಂಧದ ಬಗ್ಗೆ ನಿಯಮಗಳು ಬೇಕೇಬೇಕು. 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಿನಲ್ಲಿ ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ಮತ್ತು ಅವರ ಸಂಗಡಿಗರು ಕೂತು, ಸುವಾರ್ತಿಕರ ಹೆಸರು ಕೆಡಿಸುವ ಕಾರಣಗಳನ್ನು ಪಟ್ಟಿ ಮಾಡಿ, ನಾಲ್ಕು ವಿಷಯಗಳಲ್ಲಿ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು: ಹಣ, ಲೈಂಗಿಕ ಅನೀತಿ, ಸ್ಥಳೀಯ ಸಭೆಗಳನ್ನು ಟೀಕಿಸುವುದು, ಪ್ರಚಾರದಲ್ಲಿ ಉತ್ಪ್ರೇಕ್ಷೆ. ನಾಲ್ಕರಲ್ಲಿ ಒಂದು ಮಾತ್ರ ಲೈಂಗಿಕತೆಗೆ ಸೇರಿದ್ದು ಎಂಬುದನ್ನು ಮರೆತು, ಇಂದು ಅದೊಂದನ್ನೇ ನೆನಪಿಟ್ಟುಕೊಂಡವರು ಬಹಳ. ಆಪ್ತಸಲಹೆಗೆ ಕೂರುವ ಕೋಣೆಯ ಬಾಗಿಲಿಗೆ ಗಾಜಿರಲಿ ಅಥವಾ ಬಾಗಿಲು ತೆರೆದಿರಲಿ. ಯಾರು, ಯಾವಾಗ, ಎಷ್ಟು ಹೊತ್ತು ಎಂಬುದು ಮೂರನೆಯವರೊಬ್ಬರಿಗೆ ಮೊದಲೇ ತಿಳಿದಿರಲಿ. ಅದೇ ಹೆಂಗಸು ಮೂರನೆಯ ಸಲ ಬರುವಾಗ ಅನುಭವವುಳ್ಳ ಸಹೋದರಿಯೊಬ್ಬರಿಗೆ ಒಪ್ಪಿಸಿ. ರಾತ್ರಿ ಬರುವ ಸಂದೇಶಕ್ಕೆ ಬೆಳಿಗ್ಗೆ ಉತ್ತರ ಸಾಕು. ಚಾಟ್ ಅಳಿಸಬೇಕು ಅನ್ನಿಸಿದ ಕ್ಷಣವೇ ಅದನ್ನು ಸಂಗಾತಿಗೆ ತೋರಿಸಬೇಕಾದ ಕ್ಷಣ.

ಆದರೆ ಇದೇ ನಿಯಮ ಇನ್ನೊಂದು ಬಗೆಯಲ್ಲಿ ಕೆಡುತ್ತದೆ. ಹೆಂಗಸರೆಂದರೆ ಅಪಾಯ ಎಂಬ ಭಾವ ಬೆಳೆದು, ಅವರನ್ನು ಸಭೆಯ ಮಾತುಕತೆಯಿಂದಲೇ ಹೊರಗಿಡುತ್ತಾರೆ. 1 ತಿಮೊಥೆಯ 5:2 ವೃದ್ಧಸ್ತ್ರೀಯರನ್ನು ತಾಯಿಯರೆಂದೂ ಯೌವನಸ್ಥೆಯರನ್ನು ಪೂರ್ಣಶುದ್ಧಭಾವದಿಂದ ಅಕ್ಕತಂಗಿಯರೆಂದೂ ಎಣಿಸಲು ಹೇಳುತ್ತದೆ. ಅಕ್ಕತಂಗಿಯರ ಜೊತೆ ಮಾತಾಡದ ಅಣ್ಣ ಯಾವ ಅಣ್ಣ? ಯೇಸು ಸಮಾರ್ಯದ ಹೆಂಗಸಿನೊಂದಿಗೆ ಮಾತಾಡಿದ್ದು ನಡುಹಗಲು, ಬಾವಿಯ ಬಳಿ, ಬಯಲಲ್ಲಿ. ಶಿಷ್ಯರು ಬಂದು ನೋಡಿ ಆಶ್ಚರ್ಯಪಟ್ಟರು, ಅಡಗಿಸಬೇಕಾದದ್ದು ಅಲ್ಲಿ ಏನೂ ಇರಲಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡ: ಭಾನುವಾರದ ಶಾಲೆಯಾಗಲಿ, ಶಿಬಿರವಾಗಲಿ, ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ದೊಡ್ಡವರು ಇರಕೂಡದು, ಯಾವಾಗಲೂ ಇಬ್ಬರು. ಮಗುವಿಗೆ ಕೆಡುಕಾಗಿದ್ದರೆ ಅದು ಸಭೆಯ ಹಿರಿಯರು ಪ್ರಾರ್ಥಿಸಿ ಮುಗಿಸುವ ವಿಷಯವಲ್ಲ, ಕಾನೂನಿನ ಮುಂದೆ ಹೋಗಬೇಕಾದ ಅಪರಾಧ.

ಹಣದ ಮಾತಿಗೆ ಬರೋಣ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಕೂಡಿಸಿದ ಕಾಣಿಕೆಯನ್ನು ಪೌಲನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತೀತನ ಜೊತೆಗೆ, ಸಭೆಗಳೇ ಆರಿಸಿದ ಸಹೋದರನೊಬ್ಬನನ್ನು ಸೇರಿಸಿದ. ಕಾರಣವನ್ನೂ ಬಿಚ್ಚಿ ಹೇಳಿದ: ಯಾರೂ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನೆಟ್ಟಗಿರಬೇಕು (2 ಕೊರಿಂಥ 8:18-21). 'ದೇವರಿಗೆ ಗೊತ್ತು' ಎಂದು ಲೆಕ್ಕ ತೋರಿಸದ ಸೇವಕನಿಗೆ ಪೌಲನ ಈ ಮಾತು ಉತ್ತರ. ರೂಢಿಯಲ್ಲಿ ಇದು ಹೀಗೆ ಕಾಣಬೇಕು: ಒಂದೇ ಕುಟುಂಬಕ್ಕೆ ಸೇರದ ಇಬ್ಬರು ಕಾಣಿಕೆ ಎಣಿಸುತ್ತಾರೆ, ಆ ಕೋಣೆ ಬಿಡುವ ಮೊದಲೇ ಮೊತ್ತ ಬರೆದು ಇಬ್ಬರೂ ಸಹಿ ಹಾಕುತ್ತಾರೆ, ಪಾಸ್ಟರ್ ಎಣಿಸುವುದಿಲ್ಲ. ಮುಂದಿನ ಬ್ಯಾಂಕ್ ದಿನವೇ ಜಮೆ. ಸೇವೆಯ ಖಾತೆ ಬೇರೆ, ಮನೆಯ ಖಾತೆ ಬೇರೆ. ಯಾರಾದರೂ ಲಕೋಟೆ ಕೊಟ್ಟರೆ 'ಇದು ನನಗೋ ಸೇವೆಗೋ' ಎಂದು ಅಲ್ಲೇ ಕೇಳಿ, ಉತ್ತರವನ್ನು ಲಕೋಟೆಯ ಮೇಲೇ ಬರೆಯಿರಿ. ಹಣದ ವಿಷಯದಲ್ಲಿ ಕೆಡುವುದು ಬಹುಪಾಲು 'ತಿಂಗಳ ಕೊನೆಗೆ ಹಾಕಿಬಿಡುತ್ತೇನೆ' ಎಂದು ಕಾಣಿಕೆಯಿಂದ ಕೈಗಡ ತೆಗೆದಲ್ಲಿಂದಲೇ. ಮೊದಲ ಸಲ ನಿಜವಾಗಿಯೂ ಹಾಕುತ್ತಾರೆ, ಅದೇ ಮುಂದಿನ ಸಲಕ್ಕೆ ಧೈರ್ಯ.

ಪ್ರವಾದಿ ಎಲೀಷನ ಸೇವಕ ಗೇಹಜಿಯ ಕಥೆಯಲ್ಲಿ (2 ಅರಸು 5) ನನ್ನನ್ನು ಹಿಡಿದು ನಿಲ್ಲಿಸುವುದು ಅವನ ಆಸೆಗಿಂತ ಅವನ ಸುಳ್ಳು. 'ಪ್ರವಾದಿಮಂಡಳಿಯ ಇಬ್ಬರು ಯೌವನಸ್ಥರು ಬಂದಿದ್ದಾರೆ, ಅವರಿಗೆ ಒಂದು ತಲಾಂತು ಬೆಳ್ಳಿ, ಎರಡು ದುಸ್ತು ಬಟ್ಟೆ ಬೇಕು' ಅಂದ. ತನಗೆ ಬೇಕು ಅನ್ನಲಿಲ್ಲ. ಎಲೀಷನಿಂದ ಕುಷ್ಠ ವಾಸಿಯಾಗಿದ್ದ ಸೇನಾಪತಿ ನಾಮಾನ ಎರಡು ತಲಾಂತು ಕೊಟ್ಟು ಹೊರಲು ತನ್ನ ಇಬ್ಬರು ಆಳುಗಳನ್ನೂ ಕಳಿಸಿದ. ಸೇವೆಯ ಹೆಸರಿನಲ್ಲಿ, ಬಡವರ ಹೆಸರಿನಲ್ಲಿ ಕೇಳುವ ಕೋರಿಕೆಯನ್ನು ಯಾರೂ ಪರೀಕ್ಷಿಸುವುದಿಲ್ಲ ಎಂಬುದನ್ನು ಗೇಹಜಿ ಚೆನ್ನಾಗಿ ಬಲ್ಲವನಾಗಿದ್ದ. ಯೆರಿಕೋವಿನ ಕೊಳ್ಳೆಯಿಂದ ಆಕಾನ ಕದ್ದ (ಯೆಹೋಶುವ 7) ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ಚಿನ್ನದ ಗಟ್ಟಿ ಅವನ ಡೇರೆಯ ನೆಲದಡಿ ಹೂತಿದ್ದವು. ಉಡಲಾಗದ ನಿಲುವಂಗಿ, ಖರ್ಚು ಮಾಡಲಾಗದ ಬೆಳ್ಳಿ.

ಹಳೆಯ ಬಾಕಿ ಇದ್ದರೆ ಸೇವೆಗೆ ಇಳಿಯುವ ಮುಂಚೆ ತೀರಿಸಿ. ಯಾಜಕಕಾಂಡ 6:5 ಮೂಲಧನದ ಜೊತೆಗೆ ಐದನೆಯ ಒಂದು ಪಾಲು ಸೇರಿಸಿ ಕೊಡಲು ಹೇಳುತ್ತದೆ, ಸುಂಕದವನಾದ ಜಕ್ಕಾಯ ತಾನಾಗಿ ನಾಲ್ಕರಷ್ಟು ಎಂದ. ಕೊಡುವಾಗ ವಿವರಣೆ ಚಿಕ್ಕದಾಗಿರಲಿ: ಏನು ತೆಗೆದುಕೊಂಡೆ, ಎಷ್ಟು, ಇದೋ ವಾಪಸ್. ಕಾರಣ ಹೇಳಲು ಶುರು ಮಾಡಿದರೆ ಅರಿಕೆ ಸಮರ್ಥನೆಯಾಗುತ್ತದೆ.

ನಾಲಿಗೆಯ ಕೊಳೆಯಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಒಂದು, ಸಂಖ್ಯೆ. ಎಪ್ಪತ್ತು ಜನ ಬಂದ ಕೂಟ ವರದಿಯಲ್ಲಿ 'ಸುಮಾರು ನೂರು' ಆಗಿ, ಮುಂದಿನ ಪ್ರಾರ್ಥನಾಪತ್ರದಲ್ಲಿ 'ನೂರಾರು' ಆಗುತ್ತದೆ. ಇನ್ನೊಂದು, ಪ್ರಾರ್ಥನಾ ವಿಷಯದ ವೇಷದಲ್ಲಿ ಬರುವ ಚಾಡಿ. ಹೆಸರಿಲ್ಲದೆ ಪ್ರಾರ್ಥಿಸಲು ಸಾಧ್ಯವಿದ್ದರೆ ಹೆಸರು ಬೇಡ. ಮತ್ಸರ, ಹಗೆ ಇದ್ದರೆ ಮತ್ತಾಯ 5:23-24 ಸಾಕು: ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು.

ಇನ್ನು ತೊಟ್ಟಿಯ ಬಳಿಯ ದಿನದ ಕೆಲಸ. ಯೇಸುಸಭೆಯ (ಜೆಸುಯಿಟ್) ಸ್ಥಾಪಕ ಇಗ್ನೇಷಿಯಸ್ ಲೊಯೋಲಾ 16ನೆಯ ಶತಮಾನದಲ್ಲಿ ಕಲಿಸಿದ ಮನಸ್ಸಾಕ್ಷಿಯ ಪರಿಶೋಧನೆಗೆ ಐದು ಹಂತ: ಕೃತಜ್ಞತೆ, ತನ್ನನ್ನು ತಿಳಿದುಕೊಳ್ಳಲು ಕೃಪೆಯ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ತಿದ್ದಿಕೊಳ್ಳುವ ನಿರ್ಧಾರ. ಹತ್ತರಿಂದ ಹದಿನೈದು ನಿಮಿಷ ಸಾಕು. ಕ್ರಮ ಬದಲಿಸಬೇಡಿ. ಪಾಪದಿಂದಲೇ ಶುರು ಮಾಡಿದವರು ಕೆಲವೇ ದಿನಗಳಲ್ಲಿ ಬಿಟ್ಟುಬಿಡುತ್ತಾರೆ, ಏಕೆಂದರೆ ಪ್ರತಿ ರಾತ್ರಿ ತನ್ನನ್ನು ತಾನೇ ಕಟಕಟೆಗೆ ಹತ್ತಿಸಲು ಯಾರಿಗೂ ಆಗುವುದಿಲ್ಲ. ಕ್ಷಮೆ ಕೇಳುವಾಗ 'ನನ್ನ ಅನೇಕ ಪಾಪಗಳನ್ನು' ಎಂದು ಸಗಟಾಗಿ ಕೇಳಬೇಡಿ. 'ಮಧ್ಯಾಹ್ನ ವರದಿ ಮುಗಿದಿದೆ ಎಂದು ಸುಳ್ಳು ಹೇಳಿದೆ' ಎನ್ನಿ. ಸಗಟು ಅರಿಕೆಗೆ ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸ ಯಾವುದೂ ಇರುವುದಿಲ್ಲ. ಎರಡನೆಯದಕ್ಕೆ ಇದೆ.

ವಾರಕ್ಕೊಮ್ಮೆ ಇನ್ನೊಬ್ಬರ ಮುಂದೆ ಕೂರುವುದು ಇದರ ಜೊತೆಗಿರಲಿ. ಮೆಥೊಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ 1738ರ ಡಿಸೆಂಬರ್ 25ರಂದು ಬರೆದ ಚಿಕ್ಕ ಗುಂಪುಗಳ ನಿಯಮಗಳಲ್ಲಿ ಪ್ರತಿ ಭೇಟಿಗೂ ಕೇಳಬೇಕಾದ ಪ್ರಶ್ನೆಗಳಿವೆ: ಕಳೆದ ಭೇಟಿಯಿಂದ ಈಚೆಗೆ ನಿನಗೆ ಗೊತ್ತಿರುವ ಯಾವ ಪಾಪ ಮಾಡಿದೆ, ಯಾವ ಶೋಧನೆ ಬಂತು, ಹೇಗೆ ಬಿಡುಗಡೆಯಾಯಿತು, ಪಾಪವೋ ಅಲ್ಲವೋ ಎಂಬ ಸಂಶಯವಿರುವುದು ಏನಾದರೂ ಇದೆಯೇ. ಇಬ್ಬರಿಂದ ನಾಲ್ವರು, ಗಂಡಸರು ಬೇರೆ, ಹೆಂಗಸರು ಬೇರೆ. ನಿಮ್ಮ ಸಂಬಳವನ್ನೋ ನೇಮಕವನ್ನೋ ನಿರ್ಧರಿಸುವವರು ಆ ಗುಂಪಿನಲ್ಲಿ ಇರಕೂಡದು, ಇದ್ದರೆ ಸತ್ಯ ಹೊರಬರುವುದಿಲ್ಲ. ಈ ಗುಂಪುಗಳು ಕೆಡುವ ರೀತಿ ಎಲ್ಲ ಕಡೆಯೂ ಒಂದೇ. 'ಸ್ವಲ್ಪ ಹೋರಾಟ ಇದೆ, ಪ್ರಾರ್ಥಿಸಿ' ಎಂಬ ಮಂಜುಮಂಜಾದ ಮಾತು ಒಪ್ಪಿತವಾಗುತ್ತದೆ, ಆಮೇಲೆ ಎಲ್ಲರೂ ಅದೇ ಮಾತಿನ ಹಿಂದೆ ಅಡಗುತ್ತಾರೆ. ಗುಂಪಿನಲ್ಲಿ ಒಬ್ಬರಾದರೂ 'ಹೋರಾಟ ಅಂದರೆ ಏನು, ಎಷ್ಟು ಸಲ' ಎಂದು ಕೇಳುವ ಗಟ್ಟಿಗರು ಬೇಕು. ಹೇಳಿದ್ದು ಗುಂಪಿನಾಚೆ ಹೋಗಬಾರದು. ಇನ್ನೊಬ್ಬರಿಗೆ ಅಪಾಯವಿರುವ ವಿಷಯ ಮಾತ್ರ ಅಪವಾದ, ಅದನ್ನು ಮೊದಲ ದಿನವೇ ಹೇಳಿರಬೇಕು.

ಇದಕ್ಕೆಲ್ಲ ಉಲ್ಟಾ ಕಾಯಿಲೆಯೂ ಒಂದಿದೆ. ಕೆಲವರು ಅರಿಕೆ ಮಾಡಿದ್ದನ್ನೇ ಮತ್ತೆ ಮತ್ತೆ ಅರಿಕೆ ಮಾಡುತ್ತಾರೆ, ಮನಸ್ಸಿಗೆ ಹೊಳೆದ ಪ್ರತಿ ಕೆಟ್ಟ ಯೋಚನೆಯನ್ನೂ ಪಾಪವೆಂದು ಬರೆದಿಡುತ್ತಾರೆ, ಪ್ರಭುಭೋಜನಕ್ಕೆ ಕೈ ಚಾಚಲು ನಡುಗುತ್ತಾರೆ. ಅಂಥವರಿಗೆ ಇನ್ನಷ್ಟು ಪರಿಶೋಧನೆ ಕೊಡುವುದು ಉರಿಯುವ ಗಾಯವನ್ನು ಉಜ್ಜಿದಂತೆ. ಒಬ್ಬರೇ ಹಿರಿಯರ ಬಳಿ, ಒಂದೇ ಸಲ ಹೇಳಿ, 1 ಯೋಹಾನ 1:9ನ್ನು ಕೇಳಿಸಿಕೊಂಡು, ಆ ವಿಷಯ ಮತ್ತೆ ತೆಗೆಯಕೂಡದು ಎಂಬ ನಿಯಮ ಅವರಿಗೆ ಬೇಕು. ಅದರಿಂದಲೂ ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಬೇಕು, ಅದು ನಂಬಿಕೆಯ ಕೊರತೆಯಲ್ಲ. ಪೂರ್ತಿ ಶುದ್ಧನಾದ ಮೇಲೆ ಸೇವೆಗೆ ಬರುತ್ತೇನೆ ಎಂದು ಕಾಯುವವರೂ ಯೆಶಾಯ 6ನ್ನು ಓದಲಿ. ಅಶುದ್ಧ ತುಟಿಯವನು ನಾನು ಎಂದವನ ತುಟಿಗೆ ಕೆಂಡ ಮುಟ್ಟಿತು, ಅದರ ಮರುವಚನದಲ್ಲೇ ಯಾರನ್ನು ಕಳುಹಿಸಲಿ ಎಂಬ ಕರೆ. ನಡುವೆ ವರ್ಷಗಳ ಕಾಯುವಿಕೆ ಇಲ್ಲ. ಬಚ್ಚಿಟ್ಟು ನಡೆಸುತ್ತಿರುವ ಪಾಪವಿರುವವನ ವಿಷಯ ಬೇರೆ. ಅವನು ಇಂದೇ ವೇದಿಕೆಯಿಂದ ಕೆಳಗಿಳಿದು ಹಿರಿಯರ ಬಳಿ ಹೋಗಬೇಕು, ಭಾನುವಾರದ ಪ್ರಸಂಗ ಯಾರಾದರೂ ಮಾಡುತ್ತಾರೆ.

ಸಭೆಯ ಪಾಲೂ ಇದೆ. ಅವಸರದಿಂದ ಯಾರ ಮೇಲೆಯೂ ಹಸ್ತವಿಡಬೇಡ, ನಿನ್ನನ್ನು ಶುದ್ಧನಾಗಿ ಕಾಪಾಡಿಕೋ ಎಂದು ಪೌಲನು ಒಂದೇ ಉಸಿರಿನಲ್ಲಿ ಹೇಳುತ್ತಾನೆ (1 ತಿಮೊಥೆಯ 5:22). ಒಂದು ವಚನ ಬಿಟ್ಟು, ಕೆಲವರ ಪಾಪಗಳು ಮುಂದಾಗಿ ಹೋಗುತ್ತವೆ, ಕೆಲವರವು ಹಿಂದಿನಿಂದ ಬರುತ್ತವೆ ಎನ್ನುತ್ತಾನೆ. ಹಿಂದಿನಿಂದ ಬರುವವು ಬಂದು ಸೇರಲು ಸಮಯ ಬೇಕು, ಸಭಾಸೇವಕರು ಮೊದಲು ಪರೀಕ್ಷಿಸಲ್ಪಡಲಿ ಎಂಬುದು (3:10) ಅದಕ್ಕೇ. ಪರೀಕ್ಷೆಯೆಂದರೆ ಸಾಕ್ಷಿ ಹೇಳಿಸಿ ಚಪ್ಪಾಳೆ ತಟ್ಟುವುದಲ್ಲ. ಅವನಿಗೆ ಸಾಲ ಕೊಟ್ಟವರನ್ನು ಕೇಳಿ. ಅವನ ಕೈಕೆಳಗೆ ಕೆಲಸ ಮಾಡುವವರನ್ನು ಕೇಳಿ. ಹೆಂಡತಿಯನ್ನು, ಅವನಿಲ್ಲದ ಹೊತ್ತಿನಲ್ಲಿ, ಕೇಳಿ. 3:7ರ ಪ್ರಕಾರ ಸಭೆಯ ಹೊರಗಿನವರನ್ನೂ ಕೇಳಿ. ಸಮುವೇಲನು ತಲೆ ನರೆತ ಮೇಲೆ ಜನರ ಮುಂದೆ ನಿಂತು, ಯಾರ ಎತ್ತನ್ನು, ಯಾರ ಕತ್ತೆಯನ್ನು ತೆಗೆದುಕೊಂಡೆ ಹೇಳಿ ಎಂದು ತಾನೇ ಕೇಳಿದ (1 ಸಮುವೇಲ 12:3).

ಬಿದ್ದವರನ್ನು ಎತ್ತುವಾಗಲೂ ಇದೇ ನಿಧಾನ ಬೇಕು. ಕ್ಷಮೆ ಆ ದಿನವೇ ಸಿಗಲಿ. ಗಲಾತ್ಯ 6:1 ಸೌಮ್ಯಭಾವದಿಂದ ತಿದ್ದಿ ಸರಿಮಾಡಲು ಹೇಳುತ್ತದೆ. ಹುದ್ದೆ ಮಾತ್ರ ಕ್ಷಮೆಯ ಜೊತೆಗೇ ಬರುವ ವಸ್ತುವಲ್ಲ. ಯಾವಾಗ ಮರಳಬೇಕು ಎಂಬುದನ್ನು ಬಿದ್ದವನೂ ಅವನ ಅಭಿಮಾನಿಗಳೂ ನಿರ್ಧರಿಸುವಂತಿಲ್ಲ, ನೋವುಂಡವರ ಮಾತು ಕೇಳಿದ ಹಿರಿಯರು ನಿರ್ಧರಿಸಬೇಕು. ಮರಳುವುದೂ ಒಂದೇ ಸಲಕ್ಕೆ ಎಲ್ಲ ಕಡೆಗೂ ಆಗಬೇಕಿಲ್ಲ: ಕಾಣಿಕೆಯಲ್ಲಿ ಕೈಯಾಡಿಸಿದವನು ಮುಂದೊಂದು ದಿನ ಮತ್ತೆ ಬೋಧಿಸಬಹುದು, ಲೆಕ್ಕದ ಪುಸ್ತಕ ಬೇರೆಯವರ ಬಳಿಯೇ ಇರಲಿ. ಮಕ್ಕಳಿಗೆ ಕೆಡುಕು ಮಾಡಿದವನು ಪಶ್ಚಾತ್ತಾಪಪಟ್ಟು ಆರಾಧನೆಗೆ ಬರಬಹುದು, ಹಿರಿಯರೊಬ್ಬರ ಪಕ್ಕದಲ್ಲೇ ಕೂತು. ಭಾನುವಾರದ ಶಾಲೆಯ ಬಾಗಿಲು ಅವನಿಗೆ ಇನ್ನು ತೆರೆಯುವುದಿಲ್ಲ.